ಹಿರಿಯ ಶಾಸಕರ ಹುಟ್ಟುಹಬ್ಬ: ವೇದಿಕೆ ಹೇಳುವುದೇನು, ಕಡತ ಹೇಳುವುದೇನು

2022ರ ಆಗಸ್ಟ್ 3ರಂದು ದಾವಣಗೆರೆಯತ್ತ ಹೋಗುವ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಬಸ್ಸು, ಕಾರು, ಟೆಂಪೋಗಳು ಕಿಲೋಮೀಟರುಗಟ್ಟಲೆ ನಿಂತುಬಿಟ್ಟಿದ್ದವು. ಕಾದು ಸಾಕಾದ ಜನ ಕೆಳಗಿಳಿದು ನಡೆಯತೊಡಗಿದರು. ಅವರೆಲ್ಲ ಹೊರಟಿದ್ದು ಚುನಾವಣಾ ಪ್ರಚಾರಕ್ಕಲ್ಲ, ಜಾತ್ರೆಗೂ ಅಲ್ಲ. ಶಾಸಕರೊಬ್ಬರಿಗೆ 75 ತುಂಬಿತ್ತು, ಅದರ ಸಮಾರಂಭಕ್ಕೆ. ಶಾಮನೂರು ಪ್ಯಾಲೇಸ್ ಮೈದಾನದಲ್ಲಿ ಅಂದು ನಡೆದ ಸಿದ್ದರಾಮಯ್ಯನವರ ಅಮೃತ ಮಹೋತ್ಸವ ಜನರ ಬಾಯಲ್ಲಿ ‘ಸಿದ್ದರಾಮೋತ್ಸವ’ ಆಯಿತು. ಆ ಹೆಸರು ಸಿದ್ದರಾಮಯ್ಯನವರಿಗೆ ಒಪ್ಪಿಗೆಯಿರಲಿಲ್ಲ, ಅದನ್ನು ಅವರು ಹೇಳಿಯೂ ಇದ್ದರು. ಆದರೂ ಉಳಿದದ್ದು ಅದೇ ಹೆಸರು.

ಆ ದಿನದ ಒಂದು ದೃಶ್ಯ ಎಲ್ಲರ ನೆನಪಿನಲ್ಲಿದೆ. ವೇದಿಕೆಯ ಮೇಲೆ ರಾಹುಲ್ ಗಾಂಧಿ ಇದ್ದರು. ಕೆಪಿಸಿಸಿ ಅಧ್ಯಕ್ಷ ಡಿ.ಕೆ. ಶಿವಕುಮಾರ್ ಸಿದ್ದರಾಮಯ್ಯನವರನ್ನು ಅಪ್ಪಿಕೊಂಡರು. ಮರುದಿನದ ಪತ್ರಿಕೆಗಳಿಗೆ ಭಾಷಣಗಳಿಗಿಂತ ಆ ಅಪ್ಪುಗೆಯೇ ದೊಡ್ಡ ಸುದ್ದಿಯಾಯಿತು. ಒಂದು ಹುಟ್ಟುಹಬ್ಬದಲ್ಲಿ ಇಬ್ಬರು ಸಹೋದ್ಯೋಗಿಗಳು ತಬ್ಬಿಕೊಂಡರೆ ರಾಜ್ಯವೆಲ್ಲ ಅದಕ್ಕೆ ಅರ್ಥ ಹುಡುಕುತ್ತದೆ. ನಮ್ಮ ರಾಜಕಾರಣದಲ್ಲಿ ಹಿರಿಯ ಶಾಸಕರ ಹುಟ್ಟುಹಬ್ಬ ಎಂಥ ಜಾಗ ಹಿಡಿದಿದೆ ಎಂಬುದಕ್ಕೆ ಇಷ್ಟು ಸಾಕು. ಅದು ಆ ಜಾಗ ಹಿಡಿದದ್ದು ಹೇಗೆ ಎಂಬುದನ್ನು ಮಾತ್ರ ಸ್ವಲ್ಪ ಕೂತು ನೋಡಬೇಕು.

ಮೊದಲಿಗೆ ತಾರೀಖಿನ ಮಾತು. ಸಿದ್ದರಾಮಯ್ಯನವರದು ಮೈಸೂರು ತಾಲ್ಲೂಕಿನ ಸಿದ್ದರಾಮನಹುಂಡಿಯ ರೈತ ಮನೆತನ. ಊರಲ್ಲಿ ವೀರಮಕ್ಕಳ ಕುಣಿತ ಕಲಿಯುತ್ತಿದ್ದ ಹುಡುಗ ಶಾಲೆಗೆ ಸೇರಿದ್ದೇ ನೇರವಾಗಿ ಐದನೇ ತರಗತಿಗೆ. ಹುಟ್ಟಿದ ದಿನವನ್ನು ಮನೆಯಲ್ಲಿ ಯಾರೂ ಬರೆದಿಟ್ಟಿರಲಿಲ್ಲ, ಶಾಲೆಯಲ್ಲಿ ಮೇಷ್ಟ್ರು ಬರೆದದ್ದೇ ಜನ್ಮದಿನ ಎಂದು ಅವರೇ ಹೇಳಿಕೊಂಡಿದ್ದಾರೆ. ಆ ತಲೆಮಾರಿನ ಸಾವಿರಾರು ಹಳ್ಳಿ ಮಕ್ಕಳ ಕತೆಯೂ ಇದೇ. ನಮ್ಮ ಅಜ್ಜಂದಿರನ್ನು ಕೇಳಿದರೆ ‘ಆ ಪ್ಲೇಗ್ ಬಂದ ವರ್ಷ’, ‘ಕೆರೆ ಕೋಡಿ ಬಿದ್ದ ವರ್ಷ’ ಎನ್ನುತ್ತಿದ್ದರೇ ಹೊರತು ತಾರೀಖು ಹೇಳುತ್ತಿರಲಿಲ್ಲ. ಕೇಕು ಕತ್ತರಿಸುವ ಹಬ್ಬ ಆ ಮನೆಗಳಲ್ಲಿ ಇರಲೇ ಇಲ್ಲ. 60ಕ್ಕೆ ಷಷ್ಟ್ಯಬ್ದಿ, 70ಕ್ಕೆ ಭೀಮರಥ ಶಾಂತಿ, 80 ದಾಟಿದ ಮೇಲೆ ಸಹಸ್ರ ಚಂದ್ರ ದರ್ಶನ ಎಂಬವು ಕೆಲವೇ ಮನೆಗಳ ಆಚರಣೆಗಳು. ಸಾರ್ವಜನಿಕವಾಗಿ ವಯಸ್ಸನ್ನು ಗೌರವಿಸುವ ರೂಢಿ ಕನ್ನಡದಲ್ಲಿ ಬೆಳೆದದ್ದು ಸಾಹಿತಿಗಳಿಂದ. ಒಂದು ಅಭಿನಂದನ ಗ್ರಂಥ, ಒಂದು ಶಾಲು, ಹಣ್ಣಿನ ಬುಟ್ಟಿ, ಒಂದು ಸಂಜೆಯ ಭಾಷಣ, ಅಷ್ಟೇ. ರಾಜಕಾರಣಿಗಳ ಅಮೃತ ಮಹೋತ್ಸವ ಆ ಚೌಕಟ್ಟನ್ನೇ ತೆಗೆದುಕೊಂಡು ಅದರೊಳಗೆ ಬಲಪ್ರದರ್ಶನದ ಸಮಾವೇಶವನ್ನು ಕೂರಿಸಿದೆ.

ದಾವಣಗೆರೆಯ ಆ ಸಮಾರಂಭದ ಸಮಿತಿಯ ಮುಂದಾಳತ್ವ ವಹಿಸಿದ್ದವರು ಆರ್.ವಿ. ದೇಶಪಾಂಡೆ. ಈ ವಿವರವನ್ನು ಹೆಚ್ಚು ಜನ ಗಮನಿಸಲಿಲ್ಲ. ದೇಶಪಾಂಡೆಯವರೂ ಸಿದ್ದರಾಮಯ್ಯನವರೂ ವಿಧಾನಸಭೆಗೆ ಮೊದಲ ಸಲ ಬಂದದ್ದು ಒಂದೇ ವರ್ಷ, 1983ರಲ್ಲಿ. ದೇಶಪಾಂಡೆ ಹಳಿಯಾಳದಿಂದ, ಸಿದ್ದರಾಮಯ್ಯ ಚಾಮುಂಡೇಶ್ವರಿಯಿಂದ. ಅದೇ ಚುನಾವಣೆಯಲ್ಲಿ ಶಿಕಾರಿಪುರದಿಂದ ಗೆದ್ದು ಬಂದವರು ಬಿ.ಎಸ್. ಯಡಿಯೂರಪ್ಪ. ರಾಜ್ಯದಲ್ಲಿ ಮೊದಲ ಕಾಂಗ್ರೆಸ್ಸೇತರ ಸರ್ಕಾರ ಬಂದ, ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿಯಾದ ವರ್ಷ ಅದು. ಬಿಜೆಪಿಗೆ ಆಗ ಸಿಕ್ಕದ್ದು 18 ಸ್ಥಾನ. ಸಿದ್ದರಾಮಯ್ಯ ಲೋಕದಳದ ಹುರಿಯಾಳಾಗಿ ಗೆದ್ದವರು, ಮುಂದೆ ಕನ್ನಡ ಕಾವಲು ಸಮಿತಿಯ ಅಧ್ಯಕ್ಷರಾದರು. ಮುಂದಿನ ನಲವತ್ತು ವರ್ಷ ರಾಜ್ಯದ ರಾಜಕಾರಣವನ್ನು ಎಳೆದವರಲ್ಲಿ ಹಲವರು ಒಟ್ಟಿಗೇ ಪ್ರಮಾಣವಚನ ಸ್ವೀಕರಿಸಿದ ಸದನ ಅದು.

ಜೊತೆಗೇ ಬಂದವರು ಜೊತೆಗೇ ಸೋತದ್ದೂ ಇದೆ. 1999ರಲ್ಲಿ ಸಿದ್ದರಾಮಯ್ಯ ಚಾಮುಂಡೇಶ್ವರಿಯಲ್ಲೂ ಯಡಿಯೂರಪ್ಪ ಶಿಕಾರಿಪುರದಲ್ಲೂ ಸೋತರು. ಸಿದ್ದರಾಮಯ್ಯ 2005ರ ಅಹಿಂದ (ಅಲ್ಪಸಂಖ್ಯಾತ, ಹಿಂದುಳಿದ, ದಲಿತ) ಸಮಾವೇಶಗಳ ಹಿನ್ನೆಲೆಯಲ್ಲಿ ಜೆಡಿಎಸ್‌ನಿಂದ ಹೊರಬಿದ್ದು, 2006ರ ಉಪಚುನಾವಣೆಯಲ್ಲಿ 257 ಮತಗಳಿಂದ ಗೆದ್ದರು. 2018ರಲ್ಲಿ ಚಾಮುಂಡೇಶ್ವರಿ ಕೈಬಿಟ್ಟಿತು, ಬಾದಾಮಿ 1,696 ಮತಗಳಿಂದ ಉಳಿಸಿತು. ಹೀಗೆ ಕೂದಲೆಳೆಯಲ್ಲಿ ಉಳಿದು ಬಂದವರಿಗೆ ಎದುರು ಸಾಲಿನಲ್ಲಿ ಕೂತವನ ಗಾಯ ಗೊತ್ತಿರುತ್ತದೆ. ಚುನಾವಣೆಯ ರಾತ್ರಿ ನಿದ್ದೆ ಬರುವುದಿಲ್ಲ ಎಂಬುದನ್ನು ಅರ್ಥ ಮಾಡಿಕೊಳ್ಳುವವರು ಸ್ವಂತ ಪಕ್ಷದ ಹೊಸ ಹುಡುಗರಿಗಿಂತ ಹೆಚ್ಚಾಗಿ ಎದುರು ಪಕ್ಷದ ಹಳೆಯ ಸದಸ್ಯರು. ಸದನದ ಒಳಗೆ ಕಾಗದ ಹರಿದು ಎಸೆದವರು ಮೊಗಸಾಲೆಯಲ್ಲಿ ಒಂದೇ ಮೇಜಿನ ಸುತ್ತ ಕಾಫಿ ಕುಡಿಯುವುದನ್ನು ಕಂಡು ಹೊಸ ವರದಿಗಾರರು ಬೆರಗಾಗುತ್ತಾರೆ. ಬೆರಗಾಗುವಂಥದ್ದು ಅದರಲ್ಲಿ ಏನೂ ಇಲ್ಲ.

2020ರ ಫೆಬ್ರುವರಿ 27ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಯಡಿಯೂರಪ್ಪನವರ ಹುಟ್ಟುಹಬ್ಬದ ಸಮಾರಂಭ ನಡೆಯಿತು. ಅವರು ಆಗ ಮುಖ್ಯಮಂತ್ರಿ. ರಾಜನಾಥ್ ಸಿಂಗ್ ಬಂದಿದ್ದರು. ವಿರೋಧ ಪಕ್ಷದ ನಾಯಕರಾಗಿದ್ದ ಸಿದ್ದರಾಮಯ್ಯನವರೂ ಬಂದು ಶುಭ ಹಾರೈಸಿದರು. ಏಳು ತಿಂಗಳ ಹಿಂದಷ್ಟೇ, 2019ರ ಜುಲೈನಲ್ಲಿ, ಸಮ್ಮಿಶ್ರ ಸರ್ಕಾರ ಬಿದ್ದು ಯಡಿಯೂರಪ್ಪ ಅಧಿಕಾರ ಹಿಡಿದಿದ್ದರು. ಸಿದ್ದರಾಮಯ್ಯನವರ ಪಕ್ಷದ ಶಾಸಕರೇ ಆ ಕಡೆ ಹೋಗಿದ್ದರು. ಹೀಗಿದ್ದೂ ಅವರು ಆ ವೇದಿಕೆ ಹತ್ತಿದರು.

ಇಂಥದ್ದನ್ನು ಕಂಡಾಗ ಈಗ ಒಂದು ಮಾತು ಥಟ್ಟನೆ ಬರುತ್ತದೆ: ಹೊಂದಾಣಿಕೆ ರಾಜಕಾರಣ. 2023ರ ಚುನಾವಣೆಯ ನಂತರ ಬಿಜೆಪಿಯೊಳಗಿನವರೇ ತಮ್ಮ ನಾಯಕರ ಮೇಲೆ ಈ ಆರೋಪ ಹೊರಿಸಿದರು. ಕಾರ್ಯಕರ್ತ ಬೂತಿನಲ್ಲಿ ಹೊಡೆದಾಡುತ್ತಾನೆ, ಮೇಲಿನವರು ಒಬ್ಬರಿಗೊಬ್ಬರು ಹಾರ ಹಾಕಿಕೊಳ್ಳುತ್ತಾರೆ ಎಂಬ ಅವನ ಸಂಕಟ ಸುಳ್ಳಲ್ಲ. ಹಳ್ಳಿಯಲ್ಲಿ ಪಕ್ಷದ ಕಾರಣಕ್ಕೆ ಅಣ್ಣತಮ್ಮಂದಿರು ಮಾತು ಬಿಟ್ಟಿರುತ್ತಾರೆ, ಕೇಸು ಹಾಕಿಸಿಕೊಂಡು ಕೋರ್ಟಿಗೆ ಅಲೆಯುತ್ತಿರುತ್ತಾರೆ. ಅವರ ಕಣ್ಣಿಗೆ ಆ ಅಪ್ಪುಗೆ ಬೇರೆಯೇ ಆಗಿ ಕಾಣುತ್ತದೆ.

ಆದರೆ ಹಾರ ಹಾಕಿದ ಕೈಯನ್ನು ಮಾತ್ರ ನೋಡಿ ತೀರ್ಪು ಕೊಡುವುದು ಅವಸರ. ಅರಮನೆ ಮೈದಾನದ ಸಮಾರಂಭ ಆಗಿ ಐದು ತಿಂಗಳಿಗೆ, 2020ರ ಜುಲೈನಲ್ಲಿ, ಕೊರೊನಾ ಸಲಕರಣೆಗಳ ಖರೀದಿಯಲ್ಲಿ ಎರಡು ಸಾವಿರ ಕೋಟಿ ರೂಪಾಯಿಗೂ ಹೆಚ್ಚಿನ ಅಕ್ರಮ ನಡೆದಿದೆ ಎಂದು ಇದೇ ಸಿದ್ದರಾಮಯ್ಯ ಆರೋಪಿಸಿದರು. ‘ಲೆಕ್ಕ ಕೊಡಿ’ ಎಂದು ಕಾಂಗ್ರೆಸ್ ಬೀದಿಗಿಳಿಯಿತು. ಸರ್ಕಾರ ಆರೋಪವನ್ನು ಅಲ್ಲಗಳೆಯಿತು. ಸೆಪ್ಟೆಂಬರಿನಲ್ಲಿ ಕಾಂಗ್ರೆಸ್ ಯಡಿಯೂರಪ್ಪ ಸರ್ಕಾರದ ವಿರುದ್ಧ ಅವಿಶ್ವಾಸ ನಿರ್ಣಯವನ್ನೇ ತಂದಿತು. ನಿರ್ಣಯ ಧ್ವನಿಮತದಿಂದ ಬಿದ್ದುಹೋಯಿತು ನಿಜ. ಆದರೆ ಹುಟ್ಟುಹಬ್ಬಕ್ಕೆ ಬಂದ ಮನುಷ್ಯ ಏಳೇ ತಿಂಗಳಲ್ಲಿ ಸರ್ಕಾರ ಕೆಳಗಿಳಿಸುವ ನಿರ್ಣಯದ ಪರ ಗಂಟೆಗಟ್ಟಲೆ ಮಾತಾಡಿದರು ಎಂಬುದು ಕಡತದಲ್ಲಿದೆ. ಹೊಂದಾಣಿಕೆ ಇದೆಯೋ ಇಲ್ಲವೋ ಎಂದು ತಿಳಿಯಬೇಕಾದವರು ವೇದಿಕೆಯ ಫೋಟೊ ಬಿಟ್ಟು ಆ ಕಡತ ತೆಗೆದು ಓದಬೇಕು. ಯಾವ ಪ್ರಶ್ನೆ ಕೇಳಲಾಯಿತು, ಯಾವ ಪ್ರಶ್ನೆಯನ್ನು ಕೇಳದೆ ಬಿಡಲಾಯಿತು, ಯಾವ ಮಸೂದೆ ಚರ್ಚೆಯಿಲ್ಲದೆ ಹತ್ತು ನಿಮಿಷದಲ್ಲಿ ಪಾಸಾಯಿತು ಎಂಬುದು ಅಲ್ಲಿ ಸಿಗುತ್ತದೆ. ಹುಟ್ಟುಹಬ್ಬದ ಫೋಟೊದಲ್ಲಿ ಸಿಗುವುದಿಲ್ಲ.

ಇದರ ಪಕ್ಕದಲ್ಲೇ ಇನ್ನೊಂದು ಘಟನೆ ಇಟ್ಟು ನೋಡಿ. 2021ರ ಸೆಪ್ಟೆಂಬರ್ 24ರಂದು ಲೋಕಸಭೆಯ ಸ್ಪೀಕರ್ ಓಂ ಬಿರ್ಲಾ ಬೆಂಗಳೂರಿನಲ್ಲಿ ಉಭಯ ಸದನಗಳ ಸದಸ್ಯರನ್ನು ಉದ್ದೇಶಿಸಿ ಮಾತಾಡಿದರು. ಆ ಸಂದರ್ಭದಲ್ಲಿ ಯಡಿಯೂರಪ್ಪನವರಿಗೆ ಅತ್ಯುತ್ತಮ ಶಾಸಕ ಪ್ರಶಸ್ತಿ ಕೊಡಲಾಯಿತು. ಆ ಸಭೆಯನ್ನು ಕಾಂಗ್ರೆಸ್ ಬಹಿಷ್ಕರಿಸಿತು. ಸಂಪ್ರದಾಯಕ್ಕೆ ವಿರುದ್ಧವಾಗಿ ಇಂಥ ಸಭೆ ಕರೆದಿದ್ದಾರೆ ಎಂಬುದು ಅವರ ಆಕ್ಷೇಪ. ಆ ಆಕ್ಷೇಪದ ಸರಿತಪ್ಪು ಒತ್ತಟ್ಟಿಗಿರಲಿ. ನನ್ನನ್ನು ಕಾಡುವುದು ಈ ವಿಚಿತ್ರ: ಮೈದಾನದಲ್ಲಿ ನಡೆದ ಖಾಸಗಿ ಹುಟ್ಟುಹಬ್ಬಕ್ಕೆ ವಿರೋಧ ಪಕ್ಷದ ನಾಯಕ ಬರುತ್ತಾರೆ, ಅದೇ ಸದಸ್ಯನ ಶಾಸನ ಸಭೆಯ ಕೆಲಸಕ್ಕೆ ಸದನದ ಆವರಣದಲ್ಲೇ ಗೌರವ ಸಲ್ಲುವಾಗ ವಿರೋಧ ಪಕ್ಷದ ಸಾಲು ಖಾಲಿ ಇರುತ್ತದೆ. ಸದನ ತನ್ನ ಸದಸ್ಯರನ್ನು ತಾನೇ ಗೌರವಿಸುವ ದಾರಿ ಕಂಡುಕೊಂಡಿಲ್ಲ. ಅದಕ್ಕೇ ಆ ಕೆಲಸ ಮೈದಾನಗಳಿಗೆ ಹೋಗಿದೆ.

ಮೈದಾನ ಅಳೆಯುವುದು ತಲೆ ಎಣಿಕೆಯಿಂದ. ನಮ್ಮೂರಿನ ಬಸ್ ನಿಲ್ದಾಣದ ಎದುರು ನಿಲ್ಲುವ ಹುಟ್ಟುಹಬ್ಬದ ಫ್ಲೆಕ್ಸನ್ನು ನಾನು ಪ್ರತಿ ಸಲವೂ ನಿಂತು ಓದುತ್ತೇನೆ. ನಡುವೆ ನಾಯಕರ ಆಳೆತ್ತರದ ಚಿತ್ರ. ಮೇಲೆ ದೆಹಲಿಯವರ, ಬೆಂಗಳೂರಿನವರ ಚಿಕ್ಕ ಚಿತ್ರಗಳ ಸಾಲು. ಕೆಳಗೆ ‘ಶುಭ ಕೋರುವವರು’ ಎಂದು ಬರೆದು ಅಂಚೆಚೀಟಿಯಷ್ಟು ದೊಡ್ಡ ಮುಖಗಳು: ಜಿಲ್ಲಾ ಪಂಚಾಯ್ತಿ ಟಿಕೆಟ್ ಬಯಸುವವನು, ಸಹಕಾರ ಸಂಘದ ನಿರ್ದೇಶಕ, ಗುತ್ತಿಗೆದಾರ, ಕೊನೆಯಲ್ಲಿ ‘ಅಭಿಮಾನಿ ಬಳಗ’. ನಿಜವಾದ ಸುದ್ದಿ ಇರುವುದು ಆ ಕೆಳಗಿನ ಸಾಲಿನಲ್ಲಿ. ಹೋದ ವರ್ಷ ಬಲತುದಿಯಲ್ಲಿದ್ದವನು ಈ ವರ್ಷ ನಾಯಕರ ಭುಜದ ಪಕ್ಕಕ್ಕೆ ಬಂದಿದ್ದರೆ ಅವನಿಗೆ ಏನೋ ಸಿಗಲಿದೆ ಎಂದರ್ಥ. ಯಾರದೋ ಮುಖ ಇಲ್ಲವೇ ಇಲ್ಲ ಎಂದಾದರೆ ಹೋಟೆಲಿನಲ್ಲಿ ಅದೇ ಮಾತು. ಬೆಂಗಳೂರಿನಲ್ಲಿ 2018ರ ಆಗಸ್ಟಿನಲ್ಲಿ ಹೈಕೋರ್ಟ್ ಗದರಿದ ಮೇಲೆ ಪಾಲಿಕೆ ಫ್ಲೆಕ್ಸುಗಳನ್ನು ಕಿತ್ತುಹಾಕಿತು, ನಿಷೇಧವೂ ಬಂತು. ಆದರೂ ಹುಟ್ಟುಹಬ್ಬದ ಫ್ಲೆಕ್ಸ್ ಪೂರ್ತಿ ಹೋಗಲಿಲ್ಲ. ಕಾರಣ ಸರಳ: ಅದನ್ನು ಹಾಕಿಸುವವನು ನಾಯಕರಿಗೆ ಶುಭಾಶಯ ಹೇಳುವುದಕ್ಕಿಂತ ತಾನು ಇದ್ದೇನೆ ಎಂದು ಊರಿಗೆ ತಿಳಿಸುತ್ತಿದ್ದಾನೆ. ಟಿಕೆಟ್ ಹಂಚುವಾಗ ಪಕ್ಷಗಳು ಕಾರ್ಯಕರ್ತನ ಕೆಲಸವನ್ನು ಅಳೆಯುವ ಬೇರೆ ಸೇರು ಪಾವು ಇಟ್ಟುಕೊಂಡಿಲ್ಲವಾದ್ದರಿಂದ ಅವನು ಕ್ರೇನಿನಲ್ಲಿ ಸೇಬಿನ ಹಾರ ಎತ್ತಿಸುತ್ತಾನೆ, ಸರ್ಕಾರಿ ಆಸ್ಪತ್ರೆಯಲ್ಲಿ ಬ್ರೆಡ್ಡು ಹಣ್ಣು ಹಂಚುತ್ತಾನೆ, ದೇವಸ್ಥಾನದಲ್ಲಿ 101 ತೆಂಗಿನಕಾಯಿ ಒಡೆಸುತ್ತಾನೆ. ಅವನನ್ನು ಮಾತ್ರ ದೂರಿ ಪ್ರಯೋಜನವಿಲ್ಲ.

ದುಡ್ಡಿನ ಪ್ರಶ್ನೆಯೂ ಇದೆ. ವಿಧಾನಸಭೆಗೆ ನಿಲ್ಲುವ ಅಭ್ಯರ್ಥಿ ನಮ್ಮ ರಾಜ್ಯದಲ್ಲಿ ಖರ್ಚು ಮಾಡಬಹುದಾದ ಮಿತಿಯನ್ನು 2022ರ ಜನವರಿಯಲ್ಲಿ 40 ಲಕ್ಷ ರೂಪಾಯಿಗೆ ಏರಿಸಲಾಯಿತು. ಜನಪ್ರತಿನಿಧಿ ಕಾಯ್ದೆ 1951ರ 77ನೇ ಸೆಕ್ಷನ್ ಪ್ರಕಾರ ಈ ಲೆಕ್ಕ ಶುರುವಾಗುವುದು ನಾಮಪತ್ರ ಸಲ್ಲಿಸಿದ ದಿನದಿಂದ, ಮುಗಿಯುವುದು ಫಲಿತಾಂಶದ ದಿನ. ಚುನಾವಣೆಗೆ ಎಂಟೊಂಬತ್ತು ತಿಂಗಳಿರುವಾಗ ನಡೆಯುವ ಹುಟ್ಟುಹಬ್ಬಕ್ಕೆ ಈ ಮಿತಿ ತಾಗುವುದಿಲ್ಲ. ಪೆಂಡಾಲು, ಬಸ್ಸು, ಊಟ, ಪರದೆ ಯಾವುದಕ್ಕೂ ಚುನಾವಣಾ ಆಯೋಗಕ್ಕೆ ರಸೀದಿ ತೋರಿಸಬೇಕಿಲ್ಲ. ಎಲ್ಲ ಪಕ್ಷಗಳೂ ಬಳಸಿಕೊಳ್ಳುವ ಅವಕಾಶ ಇದು. ಶಾಸಕರು ಪ್ರತಿ ವರ್ಷ ಲೋಕಾಯುಕ್ತಕ್ಕೆ ಆಸ್ತಿ ವಿವರ ಸಲ್ಲಿಸುವ ನಿಯಮ ನಮ್ಮಲ್ಲಿದೆ. ಅದರ ಜೊತೆಗೇ ತಮ್ಮ ಹೆಸರಿನಲ್ಲಿ ನಡೆದ ಅಭಿನಂದನಾ ಸಮಾರಂಭದ ಖರ್ಚು ಎಷ್ಟು, ಕೊಟ್ಟವರು ಯಾರು ಎಂಬ ಒಂದು ಹಾಳೆ ಸೇರಿಸುವಂತೆ ಮಾಡಿದರೆ ಯಾರ ಮಾನವೂ ಕುಂದುವುದಿಲ್ಲ.

ವಯಸ್ಸೇ ಅಧಿಕಾರದ ಅಡ್ಡಿಯೂ ಆದಾಗ ಹುಟ್ಟುಹಬ್ಬದ ಅರ್ಥ ಇನ್ನಷ್ಟು ತೊಡಕಾಗುತ್ತದೆ. ಬಿಜೆಪಿಯಲ್ಲಿ 75 ದಾಟಿದವರಿಗೆ ಅಧಿಕಾರವಿಲ್ಲ ಎಂಬುದು ಆಗ ಬರೆಯದ ನಿಯಮವಾಗಿತ್ತು. ಯಡಿಯೂರಪ್ಪ 76ರಲ್ಲಿ ಮುಖ್ಯಮಂತ್ರಿಯಾದದ್ದೇ ವಿನಾಯಿತಿಯಿಂದ. ಸರ್ಕಾರಕ್ಕೆ ಎರಡು ವರ್ಷ ತುಂಬಿದ 2021ರ ಜುಲೈ 26ರ ಸಮಾರಂಭದಲ್ಲೇ ಅವರು ಗದ್ಗದಿತರಾಗಿ ರಾಜೀನಾಮೆ ಪ್ರಕಟಿಸಿದರು. ಕಾಂಗ್ರೆಸ್ಸಿನಲ್ಲಿ ಆ ನಿಯಮವಿಲ್ಲ, ಹಾಗಾಗಿ ದಾವಣಗೆರೆಯ ಪೆಂಡಾಲಿನಲ್ಲಿ 75 ಎಂಬ ಅಂಕಿ ನಿವೃತ್ತಿಯ ಸೂಚನೆಯಾಗದೆ ಮುಂದಿನ ಮುಖ್ಯಮಂತ್ರಿಯ ಹಕ್ಕೊತ್ತಾಯವಾಯಿತು. ಅದಾಗಿ ಎರಡೇ ವಾರಕ್ಕೆ, ಆಗಸ್ಟ್ 17ರಂದು, ಬಿಜೆಪಿ ಯಡಿಯೂರಪ್ಪನವರನ್ನು ತನ್ನ ಅತ್ಯುನ್ನತ ನಿರ್ಧಾರ ಸಮಿತಿಯಾದ ಸಂಸದೀಯ ಮಂಡಳಿಗೆ ಸೇರಿಸಿಕೊಂಡಿತು. ಒಂದಕ್ಕೊಂದು ನೇರ ಸಂಬಂಧವಿದೆಯೆಂದು ಹೇಳಲು ನನ್ನಲ್ಲಿ ಪುರಾವೆಯಿಲ್ಲ. ಆದರೆ ಚುನಾವಣೆ ಹತ್ತಿರ ಬಂದಾಗ ಹಿರಿಯರ ಬೆನ್ನ ಹಿಂದಿರುವ ಜನರನ್ನು ಎರಡೂ ಪಕ್ಷ ಲೆಕ್ಕ ಹಾಕುತ್ತಿದ್ದವು ಎಂಬುದಂತೂ ಕಣ್ಣಿಗೆ ಕಾಣುತ್ತಿತ್ತು. 2023ರ ಫೆಬ್ರುವರಿ 27ರಂದು, ಯಡಿಯೂರಪ್ಪನವರಿಗೆ 80 ತುಂಬಿದ ದಿನವೇ ಶಿವಮೊಗ್ಗದ ವಿಮಾನ ನಿಲ್ದಾಣ ಉದ್ಘಾಟನೆಯಾಯಿತು. ಮೊಬೈಲ್ ಟಾರ್ಚ್ ಬೆಳಗಿಸಿ ಅವರಿಗೆ ಗೌರವ ಸೂಚಿಸಿ ಎಂದು ಪ್ರಧಾನಿ ನರೇಂದ್ರ ಮೋದಿ ಜನರನ್ನು ಕೇಳಿದರು, ಸೋಗಾನೆಯ ಬಯಲಿನಲ್ಲಿ ಸಾವಿರಾರು ದೀಪ ಮಿನುಗಿದವು. ಎರಡೂವರೆ ತಿಂಗಳ ನಂತರ ಬಂದ ಫಲಿತಾಂಶದಲ್ಲಿ ಕಾಂಗ್ರೆಸ್ 135 ಸ್ಥಾನ ಗೆದ್ದು, ಮೇ 20ರಂದು ಸಿದ್ದರಾಮಯ್ಯ ಎರಡನೇ ಸಲ ಮುಖ್ಯಮಂತ್ರಿಯಾಗಿ ಪ್ರಮಾಣವಚನ ಸ್ವೀಕರಿಸಿದರು. ಹುಟ್ಟುಹಬ್ಬ ಮಾಡಿದ್ದರಿಂದ ಯಾರೂ ಗೆಲ್ಲುವುದಿಲ್ಲ, ಸೋಲುವುದೂ ಇಲ್ಲ. ಆದರೆ ಮುಂದೆ ಯಾರ ಹೆಸರು ಎಂಬ ಪ್ರಶ್ನೆ ಬಂದಾಗ ಅಂಥ ಮೈದಾನದ ನೆನಪು ಕೆಲಸ ಮಾಡುತ್ತದೆ.

ಪಕ್ಕದ ತಮಿಳುನಾಡಿನ ಒಂದು ಉದಾಹರಣೆ ಇದಕ್ಕಿಂತ ಭಿನ್ನ. 2017ರ ಜೂನ್ 3ರಂದು ಚೆನ್ನೈನಲ್ಲಿ ಎಂ. ಕರುಣಾನಿಧಿಯವರ 94ನೇ ಹುಟ್ಟುಹಬ್ಬದ ಜೊತೆಗೇ ಅವರ ಶಾಸಕತ್ವದ ವಜ್ರ ಮಹೋತ್ಸವವನ್ನೂ ಆಚರಿಸಿದರು. 1957ರಲ್ಲಿ ಕುಳಿತಲೈಯಿಂದ ಮೊದಲ ಸಲ ಗೆದ್ದವರು ಮುಂದೆ ಒಂದು ಚುನಾವಣೆಯನ್ನೂ ಸೋತಿರಲಿಲ್ಲ. ಅನಾರೋಗ್ಯದಿಂದ ಅವರು ಆ ವೇದಿಕೆಗೆ ಬರಲಾಗಲಿಲ್ಲ. ರಾಹುಲ್ ಗಾಂಧಿ, ನಿತೀಶ್ ಕುಮಾರ್, ಸೀತಾರಾಮ್ ಯೆಚೂರಿ ಬಂದಿದ್ದರು, ವಿರೋಧ ಪಕ್ಷಗಳ ಒಗ್ಗಟ್ಟಿನ ಮಾತಾಯಿತು. ಅಲ್ಲೂ ರಾಜಕಾರಣವಿತ್ತು, ಒಪ್ಪೋಣ. ಆದರೂ ‘ಅರವತ್ತು ವರ್ಷ ಶಾಸಕ’ ಎಂಬುದನ್ನು ಸಂಭ್ರಮದ ನಡುವಿಗೆ ತಂದದ್ದು ನನಗೆ ದೊಡ್ಡದಾಗಿ ಕಾಣುತ್ತದೆ. ನಮ್ಮಲ್ಲಿ ವಯಸ್ಸಿನ ಅಂಕಿ ದೊಡ್ಡದಾಗಿ ಬರೆಯುತ್ತಾರೆ, ಸದನದಲ್ಲಿ ಕಳೆದ ವರ್ಷಗಳ ಅಂಕಿಯನ್ನು ಬರೆಯುವುದು ಅಪರೂಪ.

ಬರೆಯಲು ಅಳುಕೂ ಇರಬಹುದು. ವರ್ಷಕ್ಕೆ ಕನಿಷ್ಠ 60 ದಿನ ಅಧಿವೇಶನ ನಡೆಯಬೇಕೆಂದು 2005ರಲ್ಲಿ ನಮ್ಮ ಶಾಸಕಾಂಗವೇ ಕಾಯ್ದೆ ಮಾಡಿಕೊಂಡಿದೆ. ಬಹುತೇಕ ವರ್ಷಗಳಲ್ಲಿ ಅದರ ಹತ್ತಿರಕ್ಕೂ ಹೋಗುವುದಿಲ್ಲ. ನಡೆದ ದಿನಗಳಲ್ಲೂ ಗದ್ದಲ ಕಳೆದು ಉಳಿಯುವುದೆಷ್ಟು? ಹಾಗಿದ್ದಾಗ ಹುಟ್ಟುಹಬ್ಬದ ಭಾಷಣದಲ್ಲಿ ‘ಬಡವರ ಬಂಧು’, ‘ರೈತ ನಾಯಕ’ ಎಂಬ ಬಿರುದುಗಳು ಬಂದಷ್ಟು ಸಲೀಸಾಗಿ ‘ಇಂಥ ಮಸೂದೆಯ ಇಂಥ ಕಲಮನ್ನು ಇವರು ಹಟ ಹಿಡಿದು ತಿದ್ದಿಸಿದರು’ ಎಂಬ ಮಾತು ಬರುವುದಿಲ್ಲ. ನಲವತ್ತು ವರ್ಷ ಸದನದಲ್ಲಿದ್ದವರ ಬಗ್ಗೆ ಹೇಳಲು ಅಂಥ ಹತ್ತಾರು ಮಾತು ಖಂಡಿತ ಇರುತ್ತವೆ. ಸಿದ್ದರಾಮಯ್ಯನವರ ಬಜೆಟ್ ಉತ್ತರಗಳು, ನೀರಾವರಿ ಕುರಿತು ಯಡಿಯೂರಪ್ಪ ವಿರೋಧ ಪಕ್ಷದಲ್ಲಿದ್ದಾಗ ಆಡಿದ ಮಾತುಗಳು, ಕೆಲವೇ ಸದಸ್ಯರಿದ್ದ ಸಾಲಿನಿಂದ ಎದ್ದು ನಿಂತು ಇಡೀ ಸದನ ಕೇಳುವಂತೆ ಮಾಡಿದ ದಿನಗಳು. ಅವೆಲ್ಲ ನಡಾವಳಿಯ ದಪ್ಪ ಸಂಪುಟಗಳಲ್ಲಿ ಕೂತಿವೆ, ತೆಗೆದು ಓದುವವರು ಕಡಿಮೆ.

ಶಾಂತವೇರಿ ಗೋಪಾಲಗೌಡರ ವಿಚಾರ ಇಲ್ಲಿ ನೆನಪಾಗದೆ ಇರದು. 1923ರ ಮಾರ್ಚ್ 14ರಂದು ಹುಟ್ಟಿ 1972ರ ಜೂನ್ 9ರಂದು ತೀರಿಕೊಂಡರು. ಐವತ್ತೂ ತುಂಬಲಿಲ್ಲ. 1952, 1962, 1967ರಲ್ಲಿ ಮೂರು ಸಲ ಶಾಸಕರು, ಒಂದು ಸಲವೂ ಮಂತ್ರಿಯಲ್ಲ. ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಿಡಿ ಎಂದು ಹೋರಾಡಿದವರು, ಆ ಹೆಸರು ಬರುವ ಮೊದಲೇ ಹೋದರು. ಷಷ್ಟ್ಯಬ್ದಿಯೂ ಇಲ್ಲ, ಅಮೃತ ಮಹೋತ್ಸವವೂ ಇಲ್ಲ. ಇಷ್ಟಾಗಿಯೂ ಒಬ್ಬ ಶಾಸಕ ಹೇಗಿರಬೇಕು ಎಂಬ ಮಾತು ಬಂದಾಗ ಶಿವಮೊಗ್ಗ ಸೀಮೆಯಲ್ಲಿ ಇಂದಿಗೂ ಮೊದಲು ಬರುವ ಹೆಸರು ಅವರದು. ಅವರನ್ನು ಉಳಿಸಿದ್ದು ಅವರು ಸದನದಲ್ಲೂ ಬೀದಿಯಲ್ಲೂ ಆಡಿದ ಮಾತುಗಳು.

ಸದನದಲ್ಲಿ ಒಬ್ಬ ಸದಸ್ಯನ ಇಡೀ ಬದುಕನ್ನು ಕುರಿತು ಎಲ್ಲ ಪಕ್ಷದವರೂ ಎದ್ದು ನಿಂತು ಮಾತಾಡುವ ಒಂದೇ ಸಂದರ್ಭ ಈಗ ಇರುವುದು. ಅದು ಸಂತಾಪ ಸೂಚನೆ. ಸ್ಪೀಕರ್ ಹುಟ್ಟಿದ ಊರು, ಗೆದ್ದ ವರ್ಷಗಳು, ವಹಿಸಿದ ಸಮಿತಿಗಳನ್ನು ಓದುತ್ತಾರೆ. ಮುಖ್ಯಮಂತ್ರಿ, ವಿರೋಧ ಪಕ್ಷದ ನಾಯಕ, ಆಮೇಲೆ ಆ ಜಿಲ್ಲೆಯವರು ಒಬ್ಬೊಬ್ಬರಾಗಿ ಏಳುತ್ತಾರೆ. ಜಗಳಗಳು ಮರೆಯಾಗುತ್ತವೆ. ಹಳೆಯ ಅಧಿವೇಶನದ ನೆನಪು, ಒಟ್ಟಿಗೆ ಮಾಡಿದ ಪ್ರಯಾಣ, ಒಂದು ತಿದ್ದುಪಡಿಗೆ ಪಟ್ಟು ಹಿಡಿದ ಕತೆ ಹೊರಬರುತ್ತವೆ. ಒಬ್ಬ ಶಾಸಕ ನಿಜವಾಗಿ ಏನು ಮಾಡಿದ್ದ ಎಂಬುದು ಹುಟ್ಟುಹಬ್ಬದ ಹತ್ತು ಸಮಾರಂಭಗಳಿಗಿಂತ ಆ ಒಂದು ಗಂಟೆಯಲ್ಲಿ ಚೆನ್ನಾಗಿ ತಿಳಿಯುತ್ತದೆ. ಕೇಳಬೇಕಾದ ಮನುಷ್ಯ ಮಾತ್ರ ಅಲ್ಲಿರುವುದಿಲ್ಲ.

ದಾವಣಗೆರೆಯ ಆ ಮೈದಾನದ ಹೆಸರಿನಲ್ಲೇ ಇರುವ ಶಾಮನೂರು ಶಿವಶಂಕರಪ್ಪನವರು 1994ರಲ್ಲಿ ಮೊದಲ ಸಲ ಶಾಸಕರಾಗಿ, ತೊಂಬತ್ತು ದಾಟಿದ ಮೇಲೂ 2023ರಲ್ಲಿ ಗೆದ್ದು ಸದನದ ಅತಿ ಹಿರಿಯ ಸದಸ್ಯರಾಗಿ ಕೂತಿದ್ದವರು. ಅವರ ಹುಟ್ಟುಹಬ್ಬ ಬಂದರೆ ದಾವಣಗೆರೆಯಲ್ಲಿ ಅದೊಂದು ಊರಹಬ್ಬವಾಗುತ್ತಿತ್ತು. 2025ರ ಡಿಸೆಂಬರ್ 14ರಂದು, ಬೆಳಗಾವಿಯಲ್ಲಿ ಚಳಿಗಾಲದ ಅಧಿವೇಶನ ನಡೆಯುತ್ತಿದ್ದ ಹೊತ್ತಿನಲ್ಲಿ, ಅವರು ತೀರಿಕೊಂಡರು.